ಶೇವಂತಿಬಾಯಿಯ ಬುಟ್ಟಿಯಲ್ಲೊಂದು ದುಂಬಿ

ಪುರಾವೆಯಿಲ್ಲದೆ ಯಾವುದನ್ನೂ ನಂಬಬಾರದು ಎಂದು ನನಗೆ ಧಾರವಾಡದಲ್ಲಿ ಕಲಿಸಿದರು. ಒಳ್ಳೆಯ ಉದ್ದೇಶದಿಂದಲೇ ಕಲಿಸಿದ್ದು. ಆದರೆ ಈ ಅನುಮಾನವನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರು ಹೇಳಿಕೊಡಲೇ ಇಲ್ಲವೋ, ಅಥವಾ ಹೇಳಿಕೊಟ್ಟ ದಿನ ನಾನು ತರಗತಿಯಲ್ಲಿ ಇರಲಿಲ್ಲವೋ, ಈಗ ನೆನಪಿಲ್ಲ. ಪರಿಣಾಮವಾಗಿ ನಾನು ಮೊದಲು ದೇವರನ್ನು ಅನುಮಾನಿಸಿದೆ, ಆಮೇಲೆ ಪತ್ರಿಕೆಗಳನ್ನು, ಆಮೇಲೆ ಹವಾಮಾನದ ಮುನ್ಸೂಚನೆಯನ್ನು. ಐವತ್ತು ದಾಟಿದ ಮೇಲೆ ಅನುಮಾನಿಸಲು ಹೊರಗೆ ಹೆಚ್ಚೇನೂ ಉಳಿಯದೆ ನನ್ನ ನೆನಪನ್ನೇ ಹಿಡಿದುಕೊಂಡಿದ್ದೇನೆ. ಕಾರವಾರದ ಹಬ್ಬುವಾಡದ ನಮ್ಮ ಮನೆಗೆ ಬೀಗ ಹಾಕಿ ರಸ್ತೆಯ ತಿರುವಿನವರೆಗೆ ಹೋಗುತ್ತೇನೆ. ಹಾಕಿದೆನೋ ಇಲ್ಲವೋ ಎಂದು ಮರಳಿ ಬರುತ್ತೇನೆ. ಬೀಗ ಇರುತ್ತದೆ. ಜಗ್ಗಿ ನೋಡುತ್ತೇನೆ. ಪುನಃ ತಿರುವಿಗೆ ಹೋದಾಗ, ಜಗ್ಗಿ ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಪ್ರಶ್ನೆ ಏಳುತ್ತದೆ. ನನ್ನ ಹೆಂಡತಿ ಸುಮಿತ್ರಾ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು, ಸಮಸ್ಯೆ ಕಂಡರೆ ಬಿಡಿಸದೆ ಇರಲಾರಳು. ಬೀಗ ಹಾಕಿದ ಬಾಗಿಲಿನ ಫೋಟೋ ತೆಗೆದುಕೊಂಡು ಹೋಗಿ ಎಂದು ಅವಳೇ ಉಪಾಯ ಹೇಳಿದಳು. ಒಳ್ಳೆಯ ಉಪಾಯ. ಈಗ ನಾನು ತಿರುವಿನಲ್ಲಿ ನಿಂತು ಫೋಟೋ ನೋಡುತ್ತೇನೆ, ಇದು ನಿನ್ನೆಯ ಫೋಟೋ ಇರಬಹುದಲ್ಲ ಎಂದುಕೊಂಡು ಮರಳಿ ಬರುತ್ತೇನೆ.

ಇಂಥವನು ಕಾರವಾರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಸಂಬಳ ಬರುವುದು ಕಲಿಸುವುದಕ್ಕೆ, ತಲೆ ಕೆಡುವುದು ಸಂಶೋಧನೆಯಿಂದ. ನನ್ನ ಸಂಶೋಧನೆ ಒಣಮೀನನ್ನು ತಿಂದು ಬದುಕುವ ಜೀವಿಗಳ ಮೇಲೆ: ಅಕ್ಕಿಕಾಳಿನಷ್ಟಿರುವ, ಗಟ್ಟಿಮೈಯ ಒಂದೆರಡು ಜಾತಿಯ ದುಂಬಿಗಳು, ಅವುಗಳ ರೋಮದ ಮರಿಹುಳಗಳು, ಅವು ಉಳಿಸಿದ್ದರ ಮೇಲೆ ಬದುಕುವ ನುಸಿಗಳು. ಇವೆಲ್ಲವನ್ನೂ ಹಿಡಿಯಲು ಬರುವ ಜೇಡ ನನ್ನ ವಿಷಯವಲ್ಲ. ಆದರೂ ನನ್ನ ಕೋಣೆಯ ಕಿಟಕಿಯಲ್ಲಿ ಒಂದು ಜೇಡ ಹಲವು ಕಾಲದಿಂದ ವಾಸವಾಗಿದೆ. ನಾನು ಡಬ್ಬಿಯಲ್ಲಿ ಸಾಕುವ ದುಂಬಿಗಳ ಲೆಕ್ಕ ತಪ್ಪಿದಾಗಲೆಲ್ಲ ನಾನು ಅದರ ಕಡೆಗೆ ನೋಡುತ್ತೇನೆ. ನಾನು ಬರೆದ ಪ್ರಬಂಧಗಳಲ್ಲಿ ಅದರ ಪಾಲು ಎಷ್ಟಿದೆ ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಹೊರಗಿನವರಿಗೆ ಈ ವಿಂಗಡಣೆಯೆಲ್ಲ ಒಂದೇ. ಎಂಟು ಕಾಲಿನದು ಕೀಟವಲ್ಲ ಎಂದು ನಾನು ಬಂಧುಗಳಲ್ಲಿ ಹೇಳಿ ಹೇಳಿ ಬೇಸತ್ತಿದ್ದೇನೆ. ಮದುವೆಮನೆಗಳಲ್ಲಿ ನನ್ನನ್ನು ‘ಹುಳದ ಮಾಸ್ತರು’ ಎಂದು ಪರಿಚಯಿಸುತ್ತಾರೆ. ಎದುರಿನವರು ನಮಸ್ಕಾರ ಮಾಡುತ್ತ ನನ್ನ ಅಂಗಿಯ ಕಾಲರನ್ನು ಒಮ್ಮೆ ನೋಡಿ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಮೊಬೈಲಿನಲ್ಲಿ ಜೇಡದ ಫೋಟೋ ಬರುತ್ತದೆ, ಮಸುಕಾಗಿ, ಪಕ್ಕದಲ್ಲಿ ಯಾರದೋ ಹೆದರಿದ ಹೆಬ್ಬೆರಳು. ಇದು ಕಚ್ಚುತ್ತದೆಯೇ ಎಂದು ಪ್ರಶ್ನೆ. ನಾನು ಕುಳಿತು ಉದ್ದಕ್ಕೆ ಬರೆಯುತ್ತೇನೆ: ಇದು ಬಲೆ ಹೆಣೆಯುವುದಿಲ್ಲ, ನೆಗೆದು ಬೇಟೆಯಾಡುತ್ತದೆ, ಮನುಷ್ಯರಿಗೆ ಏನೂ ಮಾಡುವುದಿಲ್ಲ, ಸೊಳ್ಳೆ ನೊಣ ಹಿಡಿಯುವುದರಿಂದ ಮನೆಯಲ್ಲಿ ಇದ್ದರೆ ಒಳ್ಳೆಯದೇ. ಉತ್ತರ ಕೂಡಲೇ ಬರುತ್ತದೆ. ಕೊಂದಾಯಿತು, ಥ್ಯಾಂಕ್ಸ್.

ಒಮ್ಮೆ ಅಂಕೋಲೆ ಹತ್ತಿರದ ಭಾವಿಕೇರಿಯಿಂದ ಬಂದಿದ್ದ ನನ್ನ ಅತ್ತೆಯವರಿಗೆ, ಅಂದರೆ ಸುಮಿತ್ರಾಳ ಅಮ್ಮನಿಗೆ, ಅವರೇ ತಂದ ಒಣ ಬಂಗಡೆ ಮೀನಿನ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ನುಸಿಗಳು ಸಂತೆಗೆ ಹೊರಟವರಂತೆ ಓಡಾಡುತ್ತಿದ್ದವು. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ನಂತರ, ಯಂತ್ರ ಒಳ್ಳೆಯದೇ ಇದೆ, ಆದರೆ ಇಷ್ಟು ಹುಳವನ್ನು ಅದರೊಳಗೆ ಯಾಕೆ ತುಂಬಿಸಿ ಇಟ್ಟಿದ್ದೀರಿ ಎಂದು ವಿಚಾರಿಸಿದರು. ಆ ರಾತ್ರಿಯ ಊಟಕ್ಕೆ ಅದೇ ಬಂಗಡೆಯ ಸಾರು. ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಇಪ್ಪತ್ತು ವರ್ಷ ಪಾಠ ಹೇಳಿ, ಪತ್ರಿಕೆಗಳಿಗೆ ಬರೆದು, ಒಣಮೀನನ್ನು ಹೇಗೆ ಕಾಪಾಡಬೇಕೆಂದು ಊರೂರಲ್ಲಿ ಭಾಷಣ ಮಾಡಿದರೂ ನನ್ನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಡುವುದು ಒಳ್ಳೆಯದು. ಮುಂದೆ ಆದದ್ದು ಅರ್ಥವಾಗಬೇಕಾದರೆ ಅದು ಗೊತ್ತಿರಬೇಕು.

ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮನೆಮನೆಯಲ್ಲೂ ಒಣಮೀನು ತುಂಬಿಸಿಡುತ್ತಾರೆ. ಕಡಲು ಬಿರುಸಾಗಿ ದೋಣಿಗಳು ದಡ ಸೇರಿದ ಮೇಲೆ ಹಸಿ ಮೀನು ಸಿಗುವುದು ಅಪರೂಪ. ಡಬ್ಬಿಯಲ್ಲಿ ಒಣ ಬಂಗಡೆ, ಸುಂಗಟ ಎನ್ನುವ ಒಣ ಸಿಗಡಿ ಇದ್ದರೆ ಗಂಜಿಗೆ ಚಿಂತೆಯಿಲ್ಲ. ಕಾರವಾರದಲ್ಲಿ ಕಡಲು ಕೂಗಳತೆಯಲ್ಲೇ ಇದೆ, ಒಣಮೀನು ಮಾರುವವರಿಗೆ ಬರವಿಲ್ಲ. ಆದರೂ ನಮ್ಮ ಮನೆಯ ಒಣಮೀನು ಬರಬೇಕಾದದ್ದು ಅಂಕೋಲೆಯಿಂದ, ಅದೂ ಮೀನುಪೇಟೆಯಲ್ಲಿ ಕೂರುವ ಶೇವಂತಿಬಾಯಿಯಿಂದ. ಅತ್ತೆಯವರು ಮದುವೆಯಾಗಿ ಭಾವಿಕೇರಿಗೆ ಬಂದಾಗಿನಿಂದ ಅವಳ ಗಿರಾಕಿ. ಆ ಗಿರಾಕಿತನ ಮಗಳಿಗೆ ಬಂತು, ಮಗಳಿಂದ ಚೀಲದ ಸಮೇತ ನನಗೆ ಬಂತು. ಶೇವಂತಿಬಾಯಿಗೂ ಅತ್ತೆಯವರಷ್ಟೇ ವಯಸ್ಸು. ಮೀನನ್ನು ತಾನೇ ಕೊಂಡು, ಉಪ್ಪು ಹಾಕಿ, ದಡದ ಮರಳಿನ ಮೇಲೆ ಬಲೆ ಹಾಸಿ ಒಣಗಿಸಿ ತರುತ್ತಾಳೆ. ಮಳೆ ಹಿಡಿಯುವ ಮೊದಲು ಅದು ಖರ್ಚಾಗಬೇಕು. ಹಿಡಿದ ಮೇಲೆ ತಂಡಿಗೆ ಮೀನು ಮೆತ್ತಗಾಗಿ ಬೂಸಲು ಬರುತ್ತದೆ, ಯಾರೂ ಕೇಳುವುದಿಲ್ಲ. ಆ ಕೊನೆಯ ಒಂದೆರಡು ವಾರದ ವ್ಯಾಪಾರವೇ ಅವಳ ಮಳೆಗಾಲದ ಅನ್ನ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೇ.

ಆವತ್ತು ಭಾನುವಾರ. ಆಕಾಶದಲ್ಲಿ ಆಗಲೇ ಮೋಡ ಸೇರತೊಡಗಿತ್ತು, ಪೇಟೆಯಲ್ಲಿ ಎಲ್ಲರಿಗೂ ಅವಸರ. ನನ್ನ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಬಾಟಲಿ ಇತ್ತು. ಅದರಲ್ಲಿ ನಾನು ಮನೆಯಲ್ಲಿ ಸಾಕಿದ ಕೆಲವು ದುಂಬಿಗಳು. ಪೇಟೆಯಲ್ಲಿ ಎಲ್ಲಾದರೂ ದುಂಬಿ ಕಂಡರೆ ಹೋಲಿಸಿ ನೋಡಲು ಹೀಗೆ ಒಯ್ಯುವುದು ನನ್ನ ಅಭ್ಯಾಸ. ಶೇವಂತಿಬಾಯಿಯ ಎದುರು ಇಬ್ಬರು ಹೆಂಗಸರು ಬಂಗಡೆ ಆರಿಸುತ್ತಿದ್ದರು. ಅವರಲ್ಲೊಬ್ಬಳ ಮಗ ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದವನಂತೆ. ನಾನೂ ಬಗ್ಗಿ ಬುಟ್ಟಿಗೆ ಕೈಹಾಕಿದೆ. ಒಂದು ಬಂಗಡೆಯ ಕಿವಿರಿನ ಹತ್ತಿರ ಒಂದು ದುಂಬಿ ನಡೆದುಬಂತು.

ಹುಳು ಸಾಕುವವನ ಸಂತೋಷ ಬೇರೆಯವರಿಗೆ ಹೇಳಿ ತಿಳಿಯುವಂಥದ್ದಲ್ಲ. ಹುಳ ಇದೆಯೇ ಎಂದರೆ ಮಾರುವವರೆಲ್ಲ ಇಲ್ಲ ಎಂದೇ ಹೇಳುವ ಪೇಟೆಯಲ್ಲಿ ಅದು ತಾನಾಗಿ ನಡೆದುಬಂದಿತ್ತು. ನಾನು ಅದರ ಲ್ಯಾಟಿನ್ ಹೆಸರನ್ನು ಗಟ್ಟಿಯಾಗಿ ಕೂಗಿದೆನಂತೆ. ಎಷ್ಟು ಚೆನ್ನಾಗಿದೆ, ಒಳಗೆ ಮರಿಗಳೂ ಇರಬೇಕು ಎಂದೂ ಹೇಳಿದೆನಂತೆ. ವಿದ್ಯಾರ್ಥಿಯ ತಾಯಿ, ಅದು ಎಂತದು ಮಾಸ್ತರ್ರೆ ಎಂದು ಕೇಳಿದಳು. ಕೇಳಿದವರಿಗೆ ಹೇಳದೆ ಇರುವುದು ನನ್ನ ವೃತ್ತಿಗೆ ವಿರುದ್ಧ. ಮರಿಹುಳ ಮೀನಿನ ಹೊಟ್ಟೆಯೊಳಗೆ ಹೇಗೆ ಸುರಂಗ ಕೊರೆಯುತ್ತದೆ, ಚರ್ಮವನ್ನು ಎಷ್ಟು ಸಲ ಕಳಚಿ ಅಲ್ಲೇ ಬಿಡುತ್ತದೆ, ಹಿಂದಿನಿಂದ ನುಸಿ ಹೇಗೆ ಬರುತ್ತದೆ ಎಂಬುದನ್ನೆಲ್ಲ ಮೊದಲ ವರ್ಷದವರಿಗೆ ಅರ್ಥವಾಗುವ ಹಾಗೆ ವಿವರಿಸಿದೆ. ಇಷ್ಟು ಶ್ರದ್ಧೆಯಿಂದ ನನ್ನ ಪಾಠವನ್ನು ಯಾರೂ ಕೇಳಿರಲಿಲ್ಲ. ಪಾಠ ಮುಗಿಯುವ ಹೊತ್ತಿಗೆ ಹೆಂಗಸರಿಬ್ಬರೂ ಆರಿಸಿದ್ದ ಬಂಗಡೆಗಳನ್ನು ಮಗುವನ್ನು ಮಲಗಿಸುವಷ್ಟು ಮೆತ್ತಗೆ ಬುಟ್ಟಿಗೆ ಮರಳಿ ಇಟ್ಟಿದ್ದರು. ಹಿಂದೆ ನಿಂತಿದ್ದವರೂ ಆಚೆಯ ಬುಟ್ಟಿಗೆ ಸರಿದಿದ್ದರು. ಈ ದುಂಬಿಗೆ ಅಪಾಯ ಕಂಡರೆ ಸತ್ತಂತೆ ಬಿದ್ದುಕೊಳ್ಳುವ ಗುಣವಿದೆ. ಅದು ನೆಲಕ್ಕೆ ಬಿದ್ದು ಹಾಗೆಯೇ ಮಾಡಿತು. ಶೇವಂತಿಬಾಯಿ ಕಾಲು ಚಾಚಿ ಅದನ್ನು ಚಪ್ಪಲಿಯಿಂದ ಹೊಸಕಿ ಹಾಕಿದಳು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನಟನೆ ನಿಜವಾಗಿತ್ತು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೀನುಪೇಟೆಯಲ್ಲಿ ಕೂಗಾಟಕ್ಕೆ ಅಂಥ ಬೆಲೆಯಿಲ್ಲ, ಮರುಗಳಿಗೆಗೆ ನಗೆಯಾಗುತ್ತದೆ. ಅವಳು ಗೋಣಿತಟ್ಟಿನ ತುದಿಯಿಂದ ಬುಟ್ಟಿಯನ್ನು ಮುಚ್ಚಿ, ನನ್ನ ಚೀಲವನ್ನು ಮಡಚಿ ನನ್ನ ಕೈಗೆ ಕೊಟ್ಟಳು.

“ನಿಮ್ಮ ಅತ್ತೆ ಇಷ್ಟು ವರ್ಷ ನನ್ನ ಕೈಯ ಮೀನು ತಿಂದವರು. ಒಂದು ದಿನ ಹುಳ ಅಂತ ಬಾಯಿ ತೆಗೀಲಿಲ್ಲ. ನೀವು ಕಲಿತವರು ಮಾಸ್ತರ್ರೆ, ನಿಮ್ಮ ಬಾಯಿಂದ ಬಂದದ್ದು ಇನ್ನು ಯಾರ ಬಾಯಿಂದ ಅಳಿಸ್ಲಿ ನಾನು?”

ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಬಸ್ ಹತ್ತಿದೆ. ಹೆದ್ದಾರಿಯಲ್ಲಿ ಬಸ್ಸು ಕಾರವಾರದ ಕಡೆಗೆ ಹೊರಟ ಮೇಲೆ ಜೇಬಿಗೆ ಕೈಹಾಕಿ ಬಾಟಲಿ ತೆಗೆದೆ. ಮುಚ್ಚಳ ಓರೆಯಾಗಿತ್ತು. ಒಂದು ದುಂಬಿ ಹೊರಬರುವಷ್ಟು ಓರೆ.

ಮುಚ್ಚಳ ಮೊದಲೇ ಓರೆಯಾಗಿತ್ತೋ, ಬಸ್ಸಿನ ನೂಕುನುಗ್ಗಲಲ್ಲಿ ಈಗ ಆಯಿತೋ? ಬಗ್ಗಿ ಬುಟ್ಟಿಗೆ ಕೈಹಾಕಿದಾಗ ಜೇಬು ಬುಟ್ಟಿಯ ಮೇಲೆಯೇ ಇತ್ತಲ್ಲವೇ? ಬಾಟಲಿಗೆ ಎಷ್ಟು ದುಂಬಿ ಹಾಕಿದ್ದೆ? ನಾನು ಎಣಿಸಿ ಹಾಕಿದ್ದೆ ಎಂಬುದು ನೆನಪಿದೆ, ಎಷ್ಟು ಎಂಬುದು ನೆನಪಿಲ್ಲ. ಎಣಿಸಿದ್ದು ಕೂಡ ಹಿಂದಿನ ಸಲ ಇರಬಹುದು. ಹೊರಬಂದದ್ದು ಇನ್ನೂ ಮೈಮೇಲೆ ಇದ್ದರೆ ಸಿಗಲಿ ಎಂದು ಜೇಬು, ಕಾಲರು, ತೋಳಿನ ಮಡಿಕೆ ಎಲ್ಲವನ್ನೂ ತಡಕಾಡಿದೆ. ಪಕ್ಕದಲ್ಲಿ ಕೂತಿದ್ದವರು, ಏನು ಕಳೆದುಕೊಂಡಿರಿ ಎಂದು ಕನಿಕರದಿಂದ ಕೇಳಿದರು. ಒಂದು ಹುಳ ಎಂದೆ. ಅವರು ಎದ್ದು ಚಾಲಕನ ಹಿಂದೆ ಹೋಗಿ ನಿಂತರು, ಇಳಿಯುವವರೆಗೂ ನಿಂತೇ ಇದ್ದರು.

ನಾನು ಹಬ್ಬುವಾಡ ಮುಟ್ಟುವ ಮೊದಲೇ ಸುದ್ದಿ ಅಂಕೋಲೆಯಿಂದ ಭಾವಿಕೇರಿಗೆ ಹೋಗಿ, ಅಲ್ಲಿಂದ ಫೋನಿನಲ್ಲಿ ನಮ್ಮ ಮನೆಗೆ ಬಂದಿತ್ತು. ಸುಮಿತ್ರಾ ಫೋನನ್ನು ನನ್ನ ಕಿವಿಗೆ ಇಟ್ಟಳು. ಅತ್ತೆಯವರು ಬೈಯುವ ಜಾತಿಯವರಲ್ಲ. ಪೇಟೆಯಲ್ಲಿ ಶೇವಂತಿಯ ಹತ್ತಿರ ಯಾರೂ ಸುಳಿಯುತ್ತಿಲ್ಲವೆಂದೂ, ‘ಹುಳದ ಮಾಸ್ತರೇ ನೋಡಿ ಹೇಳಿದ್ದಂತೆ’ ಎಂದು ಎಲ್ಲರ ಬಾಯಲ್ಲೂ ಅದೇ ಮಾತೆಂದೂ, ನೆರೆಮನೆಯವರು ಇಟ್ಟಿದ್ದ ಹಳೆಯ ಡಬ್ಬಿಯನ್ನೂ ತೆಗೆದು ಬಿಸಿಲಿಗೆ ಹಾಕಿದ್ದಾರೆಂದೂ ಒಂದೊಂದಾಗಿ ಹೇಳಿದರು. ಕೊನೆಗೆ, ಅವಳು ಈ ಮಳೆಗಾಲ ಏನು ಮಾಡುತ್ತಾಳೋ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನಾನು ಹೇಳಿದೆನಲ್ಲ, ಇಪ್ಪತ್ತು ವರ್ಷ ನನ್ನ ಮಾತನ್ನು ಯಾರೂ ಕೇಳಲಿಲ್ಲ. ಇಡೀ ತಾಲೂಕು ನನ್ನ ವಿಜ್ಞಾನವನ್ನು ಒಮ್ಮೆಲೇ ನಂಬಿತು. ನಂಬಿದ್ದು ನಾನೇ ಅದನ್ನು ನಂಬದ ದಿನ.

ಸುಮಿತ್ರಾಳಿಗೆ ಬಾಟಲಿಯ ವಿಷಯ ಹೇಳಿದೆ. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು.

“ಸರಿ. ಹುಳ ನನ್ನದೇ, ಜೇಬಿನಿಂದ ಬಿತ್ತು ಅಂತ ಹೋಗಿ ಹೇಳಿಬಿಡಿ.”

“ನನ್ನದೇ ಅಂತ ಗೊತ್ತಿಲ್ಲವಲ್ಲ.”

“ಅವಳದ್ದು ಅಂತ ಗೊತ್ತಿತ್ತಾ?”

ಗಣಿತದವರನ್ನು ಮದುವೆಯಾಗಬಾರದು ಎಂದು ನಾನು ಕಿರಿಯ ಸಹೋದ್ಯೋಗಿಗಳಿಗೆ ಹೇಳುವುದು ಇಂಥ ಪ್ರಸಂಗಗಳ ಆಧಾರದ ಮೇಲೆ. ನಾನು ನನ್ನ ಕೋಣೆಗೆ ಹೋಗಿ ಕುಳಿತೆ. ಅವಳ ಮಾತು ಸರಿ ಎಂದು ಗೊತ್ತಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಒಂದು ತಪ್ಪು ಮಾಡಿದವನು, ಅದನ್ನು ತಿದ್ದಲು ಗೊತ್ತಿಲ್ಲದ ಇನ್ನೊಂದನ್ನು ಗೊತ್ತಿದೆ ಎಂದು ಹೇಳಬೇಕೇ? ಹೀಗೆ ಯೋಚಿಸಿದಾಗ ನನಗೆ ನಾನು ಬಹಳ ಪ್ರಾಮಾಣಿಕನಂತೆ ಕಂಡೆ. ಅದೇ ಹೊತ್ತಿಗೆ ಶೇವಂತಿಬಾಯಿ ಮುಚ್ಚಿದ ಬುಟ್ಟಿಯ ಹಿಂದೆ ಕುಳಿತಿರುವುದೂ ಕಂಡಿತು. ಪ್ರಯೋಗ ಮಾಡಿ ತಿಳಿಯೋಣವೆಂದರೆ, ಅವಳ ಮೀನನ್ನು ಡಬ್ಬಿಯಲ್ಲಿಟ್ಟು ಮರಿ ಏಳುತ್ತದೆಯೋ ನೋಡಲು ವಾರಗಟ್ಟಲೆ ಬೇಕು. ಮೋಡ ಅಷ್ಟು ದಿನ ಕಾಯುವ ಲಕ್ಷಣವಿರಲಿಲ್ಲ.

ಆಗ ಒಂದು ದಾರಿ ಹೊಳೆಯಿತು. ಒಣಮೀನಿಗೆ ಬೀಳುವ ದುಂಬಿಗಳಲ್ಲಿ ನಮ್ಮ ಕಡೆ ಮುಖ್ಯವಾಗಿ ಎರಡು ಬಗೆ. ಒಂದು ಮಾಸಲು ಕಪ್ಪು, ಹೊಟ್ಟೆಯ ಕಡೆ ಬಿಳಿ ರೋಮ. ಇನ್ನೊಂದು ಮಿರುಗುವ ನೀಲಿ, ಕೆಂಪು ಕಾಲು. ನಾನು ಸಾಕುವುದು ಕಪ್ಪನ್ನು ಮಾತ್ರ. ಬುಟ್ಟಿಯಲ್ಲಿ ಕಂಡದ್ದು ನೀಲಿಯಾಗಿದ್ದರೆ ಅದು ನನ್ನ ಜೇಬಿನದಲ್ಲ; ಕಪ್ಪಾಗಿದ್ದರೆ ಬಹುತೇಕ ನನ್ನದೇ. ಅದರ ಬಣ್ಣ ಯಾವುದು? ನಾನು ಅದನ್ನು ಮೂಗಿನ ತುದಿಯಲ್ಲಿ ನೋಡಿದವನು, ಹೆಸರು ಹಿಡಿದು ಕೂಗಿದವನು; ಯಾವ ಹೆಸರು ಎಂಬುದು ಮಾತ್ರ ನೆನಪಿಲ್ಲ. ಕಣ್ಣು ಮುಚ್ಚಿದೆ. ಕಪ್ಪು ದುಂಬಿ ಸ್ಪಷ್ಟವಾಗಿ ಕಂಡಿತು, ಕಿವಿರಿನ ಪಕ್ಕದಿಂದ ಬರುತ್ತಿತ್ತು. ಇನ್ನೊಮ್ಮೆ ಮುಚ್ಚಿದೆ. ನೀಲಿಯದೂ ಅಷ್ಟೇ ಸ್ಪಷ್ಟವಾಗಿ ಅದೇ ಕಿವಿರಿನ ಪಕ್ಕದಿಂದ ಬಂತು.

ಮರುದಿನ ಕಾಲೇಜಿಗೆ ರಜೆ ಹಾಕಿ, ಕೈಲೆನ್ಸನ್ನು ಒಂದು ಜೇಬಿಗೆ, ಶೇವಂತಿಬಾಯಿ ಮಡಚಿ ಕೊಟ್ಟ ಚೀಲವನ್ನು ಇನ್ನೊಂದಕ್ಕೆ ಹಾಕಿಕೊಂಡು, ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಅಂಕೋಲೆಗೆ ಹೋದೆ. ಬಾಟಲಿ ಬಿಟ್ಟು ಬಂದೆನೋ ಇಲ್ಲವೋ ಎಂದು ದಾರಿಯಲ್ಲಿ ಕೆಲವು ಸಲ ಜೇಬು ಮುಟ್ಟಿಕೊಂಡೆ. ಪೇಟೆಯಲ್ಲಿ ಎಲ್ಲ ಬುಟ್ಟಿಗಳ ಎದುರೂ ಜನ. ಶೇವಂತಿಬಾಯಿಯ ಎದುರು ಮಾತ್ರ ಬಯಲು. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ನನ್ನನ್ನು ಕಂಡರೂ ಕಾಣದವಳಂತೆ ಆಕಾಶ ನೋಡಿದಳು. ನಾನು ಕುಶಲ ವಿಚಾರಿಸಬೇಕಿತ್ತು. ಅದರ ಬದಲು, ನಿನ್ನೆಯ ಹುಳದ ಬಣ್ಣ ಯಾವುದು ಎಂದು ಕೇಳಿದೆ. ಹುಳಕ್ಕೆ ಹುಳದ ಬಣ್ಣ ಎಂದಳು. ಪಕ್ಕದ ಬುಟ್ಟಿಯವಳು, ಕೆಂಪಿತ್ತು, ನಾನು ಕಣ್ಣಾರೆ ನೋಡಿದ್ದೇನೆ ಎಂದು ಸಾಕ್ಷಿ ಹೇಳಿದಳು. ಹಿಂದಿನ ದಿನದ ಗಿರಾಕಿ, ನನ್ನ ವಿದ್ಯಾರ್ಥಿಯ ತಾಯಿ, ಆ ಬುಟ್ಟಿಯ ಹತ್ತಿರವೇ ನಿಂತಿದ್ದಳು. ಹುಳ ಒಂದಲ್ಲ, ಸಾಲಾಗಿ ಬರುತ್ತಿದ್ದವು, ಒಂದೊಂದೂ ಹೆಬ್ಬೆರಳಿನಷ್ಟು ಎಂದು ಅವಳು ಹೇಳಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಒಂದು ರಾತ್ರಿಯಲ್ಲಿ ದುಂಬಿ ಅವಳ ನೆನಪಿನಲ್ಲಿ ಚೆನ್ನಾಗಿ ತಿಂದು ಬೆಳೆದು ಸಂಸಾರ ಹೂಡಿತ್ತು.

ಹೀಗೆ ಸಾಕ್ಷಿಗಳೆಲ್ಲ ಕೈಕೊಟ್ಟ ಮೇಲೆ ಉಳಿದದ್ದು ವಸ್ತುವೊಂದೇ. ಆ ವಸ್ತು ಅಂಟಿಕೊಂಡಿರಬೇಕಾದದ್ದು ಶೇವಂತಿಬಾಯಿಯ ಬಲಗಾಲಿನ ಚಪ್ಪಲಿಯ ಅಡಿಯಲ್ಲಿ. ಅದೇ ಚಪ್ಪಲಿ ಅವಳ ಕಾಲಲ್ಲಿತ್ತು, ಕಾಲು ನನ್ನ ಎದುರಿಗೇ ಚಾಚಿತ್ತು. ವಯಸ್ಸಾದ ಹೆಂಗಸಿಗೆ, ನಿಮ್ಮ ಚಪ್ಪಲಿ ಸ್ವಲ್ಪ ಕೊಡಿ, ಪರೀಕ್ಷಿಸಬೇಕು ಎಂದು ಪೇಟೆಯ ನಡುವೆ ಕೇಳುವುದು ಹೇಗೆ? ಕೇಳದೆ ನೋಡುವುದೇ ಮರ್ಯಾದೆ ಎಂದು ತೋರಿತು. ಮರ್ಯಾದೆಯ ವಿಷಯದಲ್ಲಿ ನನ್ನ ತೀರ್ಮಾನಗಳು ಹೆಚ್ಚಾಗಿ ಹೀಗೆಯೇ ಇರುತ್ತವೆ. ನಾನು ಲೆನ್ಸನ್ನು ಅಂಗೈಯಲ್ಲಿ ಹಿಡಿದು, ಎರಡೂ ಮೊಣಕಾಲನ್ನು ನೆಲಕ್ಕೆ ಊರಿ, ತಲೆ ಬಗ್ಗಿಸಿ ಅವಳ ಪಾದದ ಹತ್ತಿರ ಮುಖ ಒಯ್ದೆ.

ಚಪ್ಪಲಿಯ ಅಡಿಯಲ್ಲಿ ಮರಳಿತ್ತು, ಉಪ್ಪಿತ್ತು, ಮೀನಿನ ಚಕ್ಕೆಗಳು ಒತ್ತೊತ್ತಾಗಿ ಅಂಟಿದ್ದವು. ಅಂಚಿನಲ್ಲಿ ರೆಕ್ಕೆಯ ಚೂರಿನಂಥದ್ದೇನೋ ಇತ್ತು. ಅದು ನೀಲಿಯಾಗಿ ಮಿರುಗಿತು. ನೀಲಿಯಾದರೆ ಹುಳ ಇವಳ ಬುಟ್ಟಿಯದು, ನಾನು ಹೇಳಿದ್ದು ನಿಜ. ಕುತ್ತಿಗೆ ಸ್ವಲ್ಪ ವಾಲಿಸಿ ನೋಡಿದೆ. ಈಗ ಪಕ್ಕದ ಚಕ್ಕೆಗಳೂ ನೀಲಿಯಾಗಿಯೇ ಮಿರುಗಿದವು. ಇನ್ನೂ ಹತ್ತಿರದಿಂದ ನೋಡಬೇಕೆಂದು ಚಪ್ಪಲಿಯ ಅಂಚನ್ನು ಬೆರಳಿನಿಂದ ಹಿಡಿದೆ. ಆಗ ನನ್ನ ಸುತ್ತ ಪೇಟೆ ಸದ್ದಿಲ್ಲದೆ ನಿಂತಿರುವುದು ಗಮನಕ್ಕೆ ಬಂತು. ಮೀನುಪೇಟೆಯಲ್ಲಿ ಸದ್ದಿಲ್ಲದಿರುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಶೇವಂತಿಬಾಯಿ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

“ಏಳಿ ಮಾಸ್ತರ್ರೆ. ಏಳಿ, ಸಾಕು. ನನ್ನ ಕಾಲಿಗೆ ಬೀಳುವಂಥದ್ದು ಎಂತ ಆಗಿದೆ ಈಗ? ಬಾಯಿ ತಪ್ಪಿ ಬಂತು, ಆಯ್ತು. ನಾನೇನು ದೇವರಾ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ಜನ ಒಟ್ಟಿಗೆ ಉಸಿರು ಬಿಟ್ಟರು. ನಾನು ಎದ್ದು ನಿಂತು ಬಾಯಿ ತೆರೆದೆ. ಹಾಗಲ್ಲ, ನಾನು ಪರೀಕ್ಷಿಸುತ್ತಿದ್ದೆ, ಫಲಿತಾಂಶ ಇನ್ನೂ ಸ್ಪಷ್ಟವಿಲ್ಲ ಎಂದು ಹೇಳಲು ತೆರೆದದ್ದು. ಲೆನ್ಸು ಇನ್ನೂ ಅಂಗೈಯೊಳಗೇ ಇತ್ತು. ಅಷ್ಟರಲ್ಲಿ ವಿದ್ಯಾರ್ಥಿಯ ತಾಯಿ ಮುಂದೆ ಬಂದು ಬುಟ್ಟಿಯನ್ನೂ ನನ್ನನ್ನೂ ನೋಡಿದಳು. ಅವಳ ಹಿಂದೆ ಇನ್ನೂ ಕೆಲವರು.

“ಹಾಗಾದ್ರೆ ಮಾಸ್ತರ್ರೆ, ಇದನ್ನ ತಕ್ಕೊಳ್ಳಬಹುದಾ?”

ಧಾರವಾಡದಲ್ಲಿ ಕಲಿತದ್ದೆಲ್ಲ ಒಮ್ಮೆಲೇ ಎದುರಿಗೆ ಬಂದು ನಿಂತಿತು. ತಕ್ಕೊಳ್ಳಬಹುದು ಎನ್ನಲು ಪುರಾವೆಯಿಲ್ಲ, ಬೇಡ ಎನ್ನಲೂ ಇಲ್ಲ. ಶೇವಂತಿಬಾಯಿ ನನ್ನ ಮುಖ ನೋಡುತ್ತಿರಲಿಲ್ಲ. ತಟ್ಟಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ನಾನು ಲೆನ್ಸನ್ನು ಜೇಬಿಗೆ ಹಾಕಿ, ಮಡಚಿದ ಚೀಲವನ್ನು ಬಿಡಿಸಿದೆ. “ಮೊದಲು ನನಗೆ ಹಾಕಲಿ” ಎಂದೆ. “ನಮ್ಮ ಮನೆಗೆ, ಭಾವಿಕೇರಿಗೆ, ಎರಡಕ್ಕೂ ಸೇರಿಸಿ. ಉಳಿದದ್ದನ್ನು ನೀವು ತಕ್ಕೊಳ್ಳಿ.”

ಉಳಿಯಲಿಲ್ಲ ಎಂಬಂತಾಯಿತು. ನನ್ನ ಚೀಲ ತುಂಬುವ ಮೊದಲೇ ಎರಡೂ ಕಡೆಯಿಂದ ಕೈಗಳು ಬಂದವು. ಬೇಗ ಖರ್ಚಾಗುತ್ತಿರುವುದನ್ನು ಕಂಡು, ಒಣಮೀನು ಬೇಡವಾಗಿದ್ದವರೂ ಒಂದಿಷ್ಟು ಇರಲಿ ಎಂದು ಕಟ್ಟಿಸಿಕೊಂಡರು. ಮನೆಗೆ ಬಂದು ಚೀಲ ಇಳಿಸಿದಾಗ ಸುಮಿತ್ರಾ, ಹೇಳಿದಿರಾ ಎಂದು ಕೇಳಿದಳು. ಹೇಳಲಿಲ್ಲ, ಆದರೆ ಸರಿಹೋಯಿತು ಎಂದೆ. ಅವಳು ಮೀನನ್ನು ತಾರಸಿಯ ಮೇಲೆ ಬಿಸಿಲಿಗೆ ಹರವಿ, ಕೊಡವಿ, ಡಬ್ಬಿಗೆ ತುಂಬಿದಳು. ಕೊಡವಿದಾಗ ಏನಾದರೂ ಬಿತ್ತೇ ಎಂದು ನೋಡಲು ನಾನು ಮೇಲೆ ಹೋಗಲಿಲ್ಲ. ನನ್ನ ವೃತ್ತಿಜೀವನದಲ್ಲಿ ಕೈಗೆ ಸಿಕ್ಕ ಮಾದರಿಯೊಂದನ್ನು ನೋಡದೆ ಬಿಟ್ಟದ್ದು ಅದೇ ಮೊದಲು. ಎರಡು ದಿನ ಬಿಟ್ಟು ಮಳೆ ಹಿಡಿಯಿತು.

ಗಣೇಶ ಚೌತಿ ಕಳೆದ ಮೇಲೆ ಒಮ್ಮೆ ಅಂಕೋಲೆಗೆ ಹೋಗಿದ್ದೆ. ಹೊಸ ಮೀನು ಬರತೊಡಗಿತ್ತು. ಶೇವಂತಿಬಾಯಿ ನನ್ನನ್ನು ದೂರದಿಂದಲೇ ಕರೆದು, ಎದುರು ನಿಂತಿದ್ದ ಅಪರಿಚಿತ ಹೆಂಗಸಿಗೆ ನನ್ನ ಪರಿಚಯ ಹೇಳಿದಳು. ಇವರೇ ಆ ಮಾಸ್ತರರು ಎಂದು ಶುರುಮಾಡಿ ಆವತ್ತಿನ ಕಥೆಯನ್ನೆಲ್ಲ ಹೇಳಿದಳು. ನಾನು ಬಸ್ಸಿನಿಂದ ಇಳಿದವನು ನೇರವಾಗಿ ಅವಳ ಎದುರಿಗೆ ಬಂದೆನಂತೆ. ಕೈಮುಗಿದೆನಂತೆ. ಅಮ್ಮಾ, ಕಲಿತ ಸೊಕ್ಕಿನಲ್ಲಿ ನಾಲಗೆ ಜಾರಿತು, ಹುಳ ನನ್ನ ಜೇಬಿನದಾಗಿರಬಹುದು, ನಿಮ್ಮ ಕೈಯ ಅನ್ನ ಉಂಡ ಮನೆಯವನು ನಾನು, ನಿಮ್ಮ ಹೊಟ್ಟೆಯ ಮೇಲೆ ಹೊಡೆದರೆ ನನಗೆ ಒಳ್ಳೆಯದಾಗುವುದಿಲ್ಲ ಎಂದು ಹೇಳಿ ಕಾಲಿಗೆ ಬಿದ್ದೆನಂತೆ. ಅವಳು ನನ್ನ ಮಾತನ್ನು ನನ್ನದೇ ದನಿಯಲ್ಲಿ, ನಡುವೆ ನಾನು ಕನ್ನಡಕ ಸರಿಮಾಡಿಕೊಳ್ಳುವುದನ್ನೂ ಸೇರಿಸಿ ಹೇಳಿದಳು. ಪಕ್ಕದ ಬುಟ್ಟಿಯವಳು, ಹೌದು, ಹಾಗೇ ಹೇಳಿದರು ಎಂದು ತಲೆಯಾಡಿಸಿದಳು. ಜೇಬಿನ ವಿಷಯ ಅವಳಿಗೆ ಹೇಗೆ ಗೊತ್ತಾಯಿತು? ಸುಮಿತ್ರಾ ಅಮ್ಮನಿಗೆ ಹೇಳಿರಬೇಕು, ಅಮ್ಮ ಇವಳಿಗೆ ಹೇಳಿರಬೇಕು. ಅಥವಾ ನಾನೇ ಹೇಳಿರಬೇಕು. ಆ ಅಪರಿಚಿತ ಹೆಂಗಸು ನನ್ನನ್ನು ಬಹಳ ಗೌರವದಿಂದ ನೋಡಿದಳು. ಕೇಳುತ್ತ ನಿಂತ ನನಗೂ, ಅಷ್ಟು ಚೆನ್ನಾಗಿ ಮಾತಾಡಿದ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಅಂಥವನು ನಾನೇ ಆಗಿದ್ದರೆ ಎಷ್ಟು ಒಳ್ಳೆಯದಿತ್ತು ಎಂದುಕೊಳ್ಳುತ್ತ ಬಸ್ ಹತ್ತಿದೆ. ಕಾರವಾರದಲ್ಲಿ ಇಳಿಯುವ ಹೊತ್ತಿಗೆ, ಅದು ನಾನೇ ಎಂಬುದು ಚೆನ್ನಾಗಿ ನೆನಪಾಗಿತ್ತು. ಲೆನ್ಸು ಒಯ್ದಿದ್ದೆನೋ ಇಲ್ಲವೋ, ಅದೊಂದರ ಬಗ್ಗೆ ಮಾತ್ರ ಈಗ ಸ್ವಲ್ಪ ಅನುಮಾನ.